ಗೋರಿಕಲ್ಲುಗಳ ಕುಲನಿರ್ಣಯ: ಒಂದು ವಂಶವಾಹಿ ಮೀಮಾಂಸೆ

ಬೋಸ್ನಿಯಾ ಮತ್ತು ಅದರ ಅಕ್ಕಪಕ್ಕದ ಮೂರು ದೇಶಗಳಲ್ಲಿ ‘ಸ್ಟೆಚಾಕ್’ ಎಂಬ ಗೋರಿಕಲ್ಲುಗಳು ಸುಮಾರು 70,000 ಉಳಿದಿವೆ. 12ರಿಂದ 16ನೆಯ ಶತಮಾನದವು. ಇವುಗಳ ಕುಲ ಯಾವುದೆಂಬ ವ್ಯಾಜ್ಯ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಸರ್ಬರು ನಮ್ಮವು ಎಂದರು, ಕ್ರೋಟರು ನಮ್ಮವೇ ಎಂದರು. 1875ರಲ್ಲಿ ಆ ಸೀಮೆಯನ್ನು ಕಾಲ್ನಡಿಗೆಯಲ್ಲಿ ಸುತ್ತಿದ ಆರ್ಥರ್ ಇವಾನ್ಸ್ ಬೊಗೊಮಿಲ ಪಾಷಂಡಿಗಳತ್ತ ಬೆರಳು ತೋರಿದ. ಸಂಶೋಧಕಿ ಮರಿಯನ್ ವೆಂಜೆಲ್ ಕುರಿಗಾಹಿ ವ್ಲಾಖರತ್ತ. 2016ರಲ್ಲಿ ಯುನೆಸ್ಕೊ 28 ನೆಲೆಗಳನ್ನು ನಾಲ್ಕೂ ದೇಶಗಳಿಗೆ ಜಂಟಿ ಖಾತೆ ಮಾಡಿಕೊಟ್ಟು ಕೈತೊಳೆದುಕೊಂಡಿತು.

ವಂಶವಾಹಿ ವಿಜ್ಞಾನಿಗಳೂ ನೆರವಾಗಲಿಲ್ಲ. ಬದುಕಿರುವ ಗಂಡಸರ ವೈ ವರ್ಣತಂತು ನೋಡಿದರೆ ಐ2 ಎಂಬ ಒಂದೇ ಗುಂಪು ಕ್ರೋಟ, ಸರ್ಬ, ಬೋಸ್ನಿಯಾಕ್ ಮೂವರಲ್ಲೂ ಹೇರಳ. ಜಗಳಕ್ಕೆ ಇಷ್ಟು ನಿರುಪಯುಕ್ತವಾದ ಫಲಿತಾಂಶ ವಿಜ್ಞಾನದ ಚರಿತ್ರೆಯಲ್ಲೇ ಅಪರೂಪ.

ಗೋರಿಯೊಳಗಿನ ಮೂಳೆಯನ್ನು ಪರೀಕ್ಷಿಸಿ ಎನ್ನುವವರಿಗೆ ನಮ್ಮ ಸವಿನಯ ಆಕ್ಷೇಪ: ಬಾಡಿಗೆದಾರನ ರಕ್ತ ತೆಗೆದು ಮನೆಯ ಗೋತ್ರ ಹೇಳಲಾದೀತೆ? ಕುಲ ಬೇಕಿರುವುದು ಕಲ್ಲಿನದು. ಆದ್ದರಿಂದ ಕಲ್ಲನ್ನೇ ಕೇಳಬೇಕು.

ಸ್ಟೊಲಾಟ್ಸ್ ಊರಿನ ಬಳಿ ರಾಡಿಮ್ಲ್ಯದಲ್ಲಿ 133 ಸ್ಟೆಚಾಕ್‌ಗಳಿವೆ. ಅವುಗಳಲ್ಲಿ ಒಂದರ ಮೇಲೆ ಅಂಗೈಯನ್ನು ದೊಡ್ಡದಾಗಿ ಎತ್ತಿ ನಿಂತ ಪುರುಷನಿದ್ದಾನೆ. ಮಾದರಿ ಕೊಡಲು ಒಪ್ಪಿಗೆಯೆಂದೇ ನಾವು ಅದನ್ನು ಅರ್ಥೈಸಿದೆವು. ಅಂಗೈಯನ್ನು ಹತ್ತಿಯಿಂದ ಉಜ್ಜಿದಾಗ ಮೊದಲು ದೊರೆತದ್ದು ಕಲ್ಲುಹೂವು: ಒಂದು ಶಿಲೀಂಧ್ರ, ಒಂದು ಪಾಚಿ, ಒಂದೇ ದೇಹದಲ್ಲಿ ಸಂಸಾರ. ಬಾಲ್ಕನ್ ರಾಜಕಾರಣಕ್ಕೆ ಹೊಂದದ ಈ ಅಂತರ್ಜಾತೀಯ ಪುರಾವೆಯನ್ನು ಕಲಬೆರಕೆಯೆಂದು ಕೈಬಿಡಲಾಯಿತು.

ಇನ್ನೂ ಆಳಕ್ಕೆ ಇಳಿದರೆ ಸುಣ್ಣಕಲ್ಲು. ಸುಣ್ಣಕಲ್ಲೆಂದರೆ ಕಡಲಜೀವಿಗಳ ಚಿಪ್ಪು. ಡೈನಾರಿಕ್ ಬೆಟ್ಟಗಳ ಸುಣ್ಣಕಲ್ಲಿನಲ್ಲಿ ಕ್ರಿಟೇಷಿಯಸ್ ಯುಗದ ರೂಡಿಸ್ಟ್ ಎಂಬ ಕೊಂಬಿನಾಕಾರದ ಚಿಪ್ಪುಜೀವಿಗಳು ಧಾರಾಳವಾಗಿವೆ. ಈವರೆಗೆ ಓದಲಾದ ಅತಿ ಹಳೆಯ ಡಿಎನ್ಎ ಗ್ರೀನ್‌ಲ್ಯಾಂಡಿನದು, ಸುಮಾರು 20 ಲಕ್ಷ ವರ್ಷದ್ದು. ರೂಡಿಸ್ಟ್‌ಗಳು ಅಳಿದು 6.6 ಕೋಟಿ ವರ್ಷವಾಯಿತು. ಹಾಗಾಗಿ ನಮಗೆ ಸಿಕ್ಕ ಡಿಎನ್ಎ ಶೂನ್ಯ. ಈ ಶೂನ್ಯ ನಮ್ಮ ಸಿದ್ಧಾಂತವನ್ನು ಎಲ್ಲಿಯೂ ವಿರೋಧಿಸುವುದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಸ್ಟೆಚಾಕ್‌ಗಳು, ಹೀಗಾಗಿ, ಸರ್ಬವೂ ಅಲ್ಲ ಕ್ರೋಟವೂ ಅಲ್ಲ. ಆ ರೂಡಿಸ್ಟ್‌ಗಳು ಬಾಳಿದ, ಈಗ ಕಣ್ಮರೆಯಾದ ಟೆಥಿಸ್ ಸಾಗರದ ಮೂಲನಿವಾಸಿಗಳು. ಹಕ್ಕು ಸಾಧಿಸಲು ವಾರಸುದಾರರು ಯಾರೂ ಉಳಿದಿಲ್ಲದಿರುವುದು ಈ ಸಿದ್ಧಾಂತದ ಹೆಚ್ಚುವರಿ ಗುಣ.

ಕೊನೆಗೊಂದು ತಾಂತ್ರಿಕ ಸ್ಪಷ್ಟನೆ. ಕೆಲವು ಸ್ಟೆಚಾಕ್‌ಗಳ ಮೇಲೆ ಬೋಸ್ನಿಯಾದ ಸಿರಿಲಿಕ್ ಲಿಪಿಯಲ್ಲಿ ಇಲ್ಲಿ ಮಲಗಿದವನಾರು, ಕಲ್ಲು ನಿಲ್ಲಿಸಿದವನಾರು ಎಂದು ಬರೆದಿದೆ. ಬೊಲ್ಯುನಿ ಎಂಬ ನೆಲೆಯಲ್ಲಂತೂ ಗ್ರುಬಾಚ್ ಎಂಬ ಕಲ್ಕುಟಿಗ ತನ್ನ ಹೆಸರನ್ನೇ ಕೆತ್ತಿಟ್ಟಿದ್ದಾನೆ. ಪ್ರಯೋಗಾಲಯದಲ್ಲಿ ದೃಢಪಡದ ಇಂಥ ಹೇಳಿಕೆಗಳನ್ನು ಪರಿಗಣಿಸಿಲ್ಲ.