ಸಿ ಡ್ರೈವಿನ ಶಾನುಭೋಗರು

ಊರಿನ ವಂಶಪಾರಂಪರ್ಯ ಶಾನುಭೋಗಿಕೆಯನ್ನು 1961ರ ಕಾಯಿದೆ ರದ್ದು ಮಾಡಿತು. ಆ ಮನೋಧರ್ಮವನ್ನು ರದ್ದು ಮಾಡುವ ಕಾಯಿದೆಯನ್ನು ಮಾತ್ರ ಯಾವ ಸರ್ಕಾರವೂ ತರಲಿಲ್ಲ. ಅದು ಕೆಲಕಾಲ ಜಮೀನಿಲ್ಲದೆ ಅಲೆದು, ಕಡೆಗೆ ಕಂಪ್ಯೂಟರಿನೊಳಗೆ ಹೊಕ್ಕು ಕುಳಿತಿತು. ಒಂದು ಎಸ್‌ಎಸ್‌ಡಿ, ಒಂದು ಹಾರ್ಡ್ ಡಿಸ್ಕ್ ಎರಡೂ ಇರುವ ಯಂತ್ರ ಸಿಕ್ಕಿದರೆ ಸಾಕು, ಅದರ ಯಜಮಾನರು ಸ್ವಯಂನೇಮಿತ ಶಾನುಭೋಗರಾಗುತ್ತಾರೆ. ಅವರ ಲೆಕ್ಕದಲ್ಲಿ ಅರ್ಧ ಟಿಬಿಯ ಎಸ್‌ಎಸ್‌ಡಿ ತರಿ ಜಮೀನು, ಎರಡು ಟಿಬಿಯ ಹಾರ್ಡ್ ಡಿಸ್ಕ್ ಖುಷ್ಕಿ. ಯಾವ ಗೇಮು ತರಿಯಲ್ಲಿ ನೆಲೆಸಬೇಕು, ಯಾವುದು ಖುಷ್ಕಿಗೆ ಎತ್ತಂಗಡಿಯಾಗಬೇಕು, ತಂಗಿಯ ಮದುವೆಯ ಫೋಟೋಗಳಿಗೆ ಎಷ್ಟು ಗುಂಟೆ, ಇದನ್ನೆಲ್ಲ ಅವರೇ ತೀರ್ಮಾನಿಸಿ, ಅವರೇ ಖಾತೆ ಬದಲಾಯಿಸಿ, ಮುಂದಿನ ಭಾನುವಾರ ಅವರೇ ತಕರಾರೂ ಎತ್ತುತ್ತಾರೆ. ಯಾಕೆ ಸ್ವಾಮಿ ಎಂದರೆ ಉತ್ತರ ಒಂದೇ: ಸ್ಪೀಡು. ನನ್ನ ವಾದ ಇಷ್ಟೆ. ಈ ವಿಂಗಡಣೆಗೂ ವೇಗಕ್ಕೂ ನಂಟು ತೀರ ದೂರದ್ದು. ತಾವು ಎಂಥವರಾಗಬೇಕೆಂದು ಅವರು ಆಸೆಪಡುತ್ತಾರೋ ಆ ಮನುಷ್ಯನ ಹೆಸರಿಗೆ ಎಸ್‌ಎಸ್‌ಡಿಯ ಪಹಣಿ ಇರುತ್ತದೆ. ಅವರು ದಿನಾ ಏನಾಗಿದ್ದಾರೋ ಆ ಮನುಷ್ಯ ಖುಷ್ಕಿಯಲ್ಲೇ ಸಂಸಾರ ಮಾಡಿಕೊಂಡಿರುತ್ತಾನೆ.

ಮೊದಲು ಅವರ ಪರವಾದ ಸಾಕ್ಷ್ಯವನ್ನೇ ವಿಚಾರಿಸೋಣ, ಏಕೆಂದರೆ ಸಿದ್ಧಾಂತದಲ್ಲಿ ಅವರನ್ನು ಸೋಲಿಸುವುದು ಸಾಧ್ಯವಿಲ್ಲ. ಐಬಿಎಂ 1956ರಲ್ಲಿ ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಅಷ್ಟೂ ಸೇರಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರ. ಈಗ ತಟ್ಟೆ ಅಂಗೈಯಗಲವಾಗಿದೆ, ತತ್ತ್ವ ಅದೇ ಉಳಿದಿದೆ. ತಟ್ಟೆ ತಿರುಗಬೇಕು, ಓದುವ ತೋಳು ಸರಿದು ಬಂದು ಕಾಯಬೇಕು. ನಿಮಿಷಕ್ಕೆ 7200 ಸುತ್ತು ಹೊಡೆಯುವ ಡಿಸ್ಕಿನಲ್ಲಿ ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಅದರಲ್ಲಿ ಸರಾಸರಿ ಅರ್ಧ ಸುತ್ತು ಕಾಯುವುದರಲ್ಲೇ ಹೋಗುತ್ತದೆ, ತೋಳು ಸರಿಯುವ ಹೊತ್ತು ಬೇರೆ. ಹೀಗಾಗಿ ಚದುರಿಹೋದ ಸಣ್ಣ ಸಣ್ಣ ತುಣುಕುಗಳನ್ನು ಹೆಕ್ಕಲು ಹೇಳಿದರೆ ಅದು ಸೆಕೆಂಡಿಗೆ ನೂರರ ಆಸುಪಾಸಿನಲ್ಲಿ ಏದುಸಿರು ಬಿಡುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಅದೇ ಕೆಲಸ ಸೆಕೆಂಡಿಗೆ ಸಾವಿರಗಟ್ಟಲೆ. ಆದ್ದರಿಂದ ವಿಂಡೋಸ್ ಎಸ್‌ಎಸ್‌ಡಿಯಲ್ಲಿರಲಿ, ಸಿನಿಮಾ ಹಾರ್ಡ್ ಡಿಸ್ಕಿನಲ್ಲಿರಲಿ ಎಂಬ ಶಾನುಭೋಗರ ತೀರ್ಪು ನೂರಕ್ಕೆ ನೂರು ಸರಿ. ಎರಡು ಗಂಟೆಯ ನಾಲ್ಕು ಜಿಬಿ ಸಿನಿಮಾಕ್ಕೆ ಸೆಕೆಂಡಿಗೆ ಒಂದು ಎಂಬಿಯೂ ಬೇಕಿಲ್ಲ, ಹಾರ್ಡ್ ಡಿಸ್ಕು ನೂರೈವತ್ತು ಕೊಡುತ್ತದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಕೆಲಸ ಒಂದೇ ಮಧ್ಯಾಹ್ನದಲ್ಲಿ ಮುಗಿದು, ಅವರ ಬಗ್ಗೆ ಬರೆಯಲು ಏನೂ ಇರುತ್ತಿರಲಿಲ್ಲ.

ಅವರು ನಿಲ್ಲಿಸುವುದಿಲ್ಲ. ಬಾಲ್ಡರ್ಸ್ ಗೇಟ್ 3 ಎಂಬ ಗೇಮು 150 ಜಿಬಿ ಜಾಗ ಕೇಳುತ್ತದೆ. ಅದನ್ನು ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಸಾಗಿಸಲು, ಸೆಕೆಂಡಿಗೆ 150 ಎಂಬಿ ಎಲ್ಲೂ ಮುಗ್ಗರಿಸದೆ ಬಂದರೂ, ಹದಿನೇಳು ನಿಮಿಷ ಬೇಕು. ಎಸ್‌ಎಸ್‌ಡಿಯಲ್ಲಿರುವುದರಿಂದ ಪ್ರತಿ ಸಲ ಗೇಮು ತೆರೆದುಕೊಳ್ಳುವಾಗ ಅರ್ಧ ನಿಮಿಷ ಉಳಿಯಿತು ಎಂದೇ ಇಟ್ಟುಕೊಳ್ಳಿ. ಸಾಗಾಣಿಕೆಯ ಸಾಲ ತೀರಲು ಮೂವತ್ನಾಲ್ಕು ಸಲ ಆಡಬೇಕು. ಅಷ್ಟರಲ್ಲಿ ಹೊಸ ಗೇಮೊಂದು ರಿಯಾಯಿತಿಯಲ್ಲಿ ಬಂದಿರುತ್ತದೆ, ಡ್ರೈವಿನ ನೀಲಿ ಪಟ್ಟಿ ಕೆಂಪಾಗಿರುತ್ತದೆ, ಹಳೆಯದು ಏಳನೆಯ ಸಲ ತೆರೆಯುವ ಮುಂಚೆಯೇ ಖುಷ್ಕಿಗೆ ವಾಪಸು. ನಕಲಾಗುವುದು ತಾನೇ ತಾನಾಗಿ ಆಗುತ್ತದೆ, ಮನುಷ್ಯನ ಹೊತ್ತೇನೂ ಹಾಳಾಗುವುದಿಲ್ಲವಲ್ಲ ಎಂದು ನೀವು ಆಕ್ಷೇಪಿಸಬಹುದು. ಶಾನುಭೋಗರನ್ನು ಹತ್ತಿರದಿಂದ ಬಲ್ಲ ಯಾರೂ ಹಾಗೆ ಆಕ್ಷೇಪಿಸಲಾರರು. ನಕಲಿನ ಕಿಟಕಿಯಲ್ಲಿ ಹಸಿರು ನಕ್ಷೆ ಏರಿಳಿಯುವುದನ್ನು ಅವರು ಕುರ್ಚಿ ಬಿಟ್ಟೇಳದೆ ನೋಡುತ್ತಾರೆ. ದೊಡ್ಡ ಫೈಲು ಹೋಗುವಾಗ 150 ತೋರಿಸುತ್ತಿದ್ದ ವೇಗ ಸಣ್ಣ ಫೈಲುಗಳ ಹಿಂಡು ಎದುರಾದೊಡನೆ ಎರಡಕ್ಕೆ ಕುಸಿಯುತ್ತದೆ. ‘ಇನ್ನು ಮೂರು ನಿಮಿಷ’ ಎಂದಿದ್ದ ಕಿಟಕಿ ‘ಇನ್ನು ಎರಡು ಗಂಟೆ’ ಎನ್ನುತ್ತದೆ. ಆಗ ಮನೆಯಲ್ಲಿ ಯಾರೂ ಮೌಸ್ ಮುಟ್ಟುವಂತಿಲ್ಲ. ಆಧಾರ್ ಕಾರ್ಡಿನ ಒಂದು ಪ್ರತಿ ಪ್ರಿಂಟ್ ಆಗಬೇಕಿತ್ತು, ಬ್ಯಾಂಕು ನಾಲ್ಕಕ್ಕೆ ಮುಚ್ಚುತ್ತದೆ ಎಂದು ಬಾಗಿಲಲ್ಲಿ ನಿಂತವರಿಗೆ ಪ್ರಿಂಟಿನ ಬದಲು ಉಪನ್ಯಾಸ ಸಿಗುತ್ತದೆ: ಸಾವಿರ ಸಣ್ಣ ಫೈಲು ಒಂದು ದೊಡ್ಡ ಫೈಲಿಗಿಂತ ಯಾಕೆ ನಿಧಾನ, ಈಗ ಪ್ರಿಂಟರ್ ಶುರುಮಾಡಿದರೆ ತೋಳು ಎಲ್ಲಿಂದೆಲ್ಲಿಗೆ ಓಡಾಡಬೇಕಾಗುತ್ತದೆ, ಇದು ಮುಗಿದ ಮೇಲೆ ಎಲ್ಲ ಎಷ್ಟು ಬೇಗ ಆಗುತ್ತದೆ. ಉಪನ್ಯಾಸದ ಒಂದೊಂದು ಮಾತೂ ನಿಜ. ಬ್ಯಾಂಕು ಮುಚ್ಚಿದ್ದೂ ನಿಜ. ಇಷ್ಟೆಲ್ಲ ಆಗಿ ತರಿ ಜಮೀನಿಗೆ ಬಂದಿಳಿದ ಆ ಮಹಾಗೇಮನ್ನು ಅವರು ರಾತ್ರಿ ಆಡುತ್ತಾರೆಯೇ? ಇಲ್ಲ. ಆಡುವುದು 1999ರ ಏಜ್ ಆಫ್ ಎಂಪೈರ್ಸ್ 2. ಅದು ಎಲ್ಲಿದ್ದರೂ ಒಂದೇ ಹೊತ್ತಿಗೆ ತೆರೆದುಕೊಳ್ಳುತ್ತದೆ.

ಈಗಿನ ಗೇಮುಗಳು ಎಸ್‌ಎಸ್‌ಡಿ ಇಲ್ಲದೆ ನಡೆಯುವುದೇ ಇಲ್ಲ, ಅದಕ್ಕೇನು ಹೇಳುತ್ತೀರಿ ಎಂಬುದು ಅವರ ಗಟ್ಟಿ ಆಕ್ಷೇಪ. ಒಪ್ಪತಕ್ಕದ್ದೇ. 2023ರ ಸ್ಟಾರ್‌ಫೀಲ್ಡ್ ತನ್ನ ಕನಿಷ್ಠ ಅಗತ್ಯಗಳಲ್ಲೇ ಎಸ್‌ಎಸ್‌ಡಿ ಎಂದು ಬರೆಸಿಕೊಂಡಿತು, ಸೈಬರ್‌ಪಂಕ್ 2077 ಅದೇ ವರ್ಷ ಅದೇ ದಾರಿ ಹಿಡಿಯಿತು. ಆದರೆ ಕಾಯುವಿಕೆಗೆಲ್ಲ ಡಿಸ್ಕೇ ಹೊಣೆ ಎನ್ನುವುದು ಬೇರೆ ಮಾತು, ಅದಕ್ಕೆ ಎದುರು ಸಾಕ್ಷ್ಯವಿದೆ. ಜಿಟಿಎ ಆನ್‌ಲೈನ್ ತೆರೆಯಲು ವರ್ಷಗಟ್ಟಲೆ ಜನ ನಿಮಿಷಗಟ್ಟಲೆ ಕಾದರು. ಎಷ್ಟು ಶಾನುಭೋಗರು ಅದಕ್ಕಾಗಿ ಎಷ್ಟು ಸಲ ಖಾತೆ ಬದಲಾಯಿಸಿದರೋ. 2021ರಲ್ಲಿ ಹವ್ಯಾಸಿ ಪ್ರೋಗ್ರಾಮರ್ ಒಬ್ಬರು ಹುಡುಕಿ ನೋಡಿದರೆ, ಸುಮಾರು 10 ಎಂಬಿಯ ಒಂದು ಪಟ್ಟಿಯನ್ನು ಗೇಮು ದಡ್ಡತನದಿಂದ ಓದುತ್ತಿತ್ತು, ಅಷ್ಟೆ. ಅದನ್ನು ಸರಿಪಡಿಸಿದಾಗ ಕಾಯುವ ಹೊತ್ತು ಸುಮಾರು ಶೇಕಡ 70ರಷ್ಟು ಇಳಿಯಿತು. ಕಂಪನಿಯೂ ಒಪ್ಪಿ ತಿದ್ದಿತು. ಡಿಸ್ಕಿನ ತಪ್ಪೇ ಅಲ್ಲ. ಇನ್ನೂ ಸೊಗಸಾದದ್ದು ಹೆಲ್‌ಡೈವರ್ಸ್ 2ರ ಕಥೆ. ಹಾರ್ಡ್ ಡಿಸ್ಕಿನ ತೋಳು ಹೆಚ್ಚು ಓಡಾಡದಿರಲಿ ಎಂದು ಅದರ ತಯಾರಕರು ಒಂದೇ ಸಾಮಗ್ರಿಯನ್ನು ಹಲವು ಕಡೆ ಪ್ರತಿ ಮಾಡಿಟ್ಟಿದ್ದರು. ಗೇಮು ಉಬ್ಬಿ 150 ಜಿಬಿ ದಾಟಿತು. 2025ರಲ್ಲಿ ಅಳೆದು ನೋಡಿದಾಗ ಕಾಯುವಿಕೆಯ ಬಹುಪಾಲು ಕಾಲ ರಣಭೂಮಿಯನ್ನು ಲೆಕ್ಕಹಾಕಿ ಕಟ್ಟುವುದರಲ್ಲೇ ಹೋಗುತ್ತಿತ್ತು. ಪ್ರತಿಗಳನ್ನು ಕಿತ್ತುಹಾಕಿದರು, ಗೇಮು 23 ಜಿಬಿಗೆ ಇಳಿಯಿತು. ಗೇಮು ಕಟ್ಟಿದವರೇ ಅಳೆಯದೆ ನಂಬಿದ್ದರೆಂದ ಮೇಲೆ, ಭಾನುವಾರದ ಶಾನುಭೋಗರನ್ನು ತೀರ ಹಳಿಯುವುದೂ ನ್ಯಾಯವಲ್ಲ. ಮಿಲಿಸೆಕೆಂಡುಗಳನ್ನು ಕೂಡಿ ಕಳೆದು ಇದನ್ನು ಬರೆಯುತ್ತ ಕೂತವರು ಯಾವ ಜಾತಿ ಎಂದು ಅವರು ತಿರುಗಿ ಕೇಳಿದರೆ ಉತ್ತರ ಕೊಡುವುದೂ ಕಷ್ಟ.

ಎಸ್‌ಎಸ್‌ಡಿ ಇನ್ನಷ್ಟು ದೊಡ್ಡದಾಗಿ, ಹಾರ್ಡ್ ಡಿಸ್ಕು ಹೊರಟುಹೋದರೆ ಈ ಜಾತಿ ತಾನಾಗಿ ಅಳಿಯುತ್ತದೆ ಎನ್ನುವವರಿದ್ದಾರೆ. ನನಗೆ ನಂಬಿಕೆಯಿಲ್ಲ. ಎರಡೂ ಎಸ್‌ಎಸ್‌ಡಿಯೇ ಆದರೆ ಒಂದು ಸೆಕೆಂಡಿಗೆ 3500 ಎಂಬಿಯದು, ಇನ್ನೊಂದು 7000ದ್ದು ಎಂಬ ಹೊಸ ತರಿ, ಹೊಸ ಖುಷ್ಕಿ ಹುಟ್ಟುತ್ತವೆ. ಒಂದೇ ಡಿಸ್ಕ್ ಕೊಟ್ಟರೂ ಅದನ್ನು ಮೂರು ಪಾಲು ಮಾಡಿ ಗಡಿಕಲ್ಲು ನೆಡುತ್ತಾರೆ. ಒಂದು ಟಿಬಿ ಎಂದು ಕೊಂಡದ್ದು ಪರದೆಯ ಮೇಲೆ 931 ಎಂದು ಕಾಣುವುದು ಸಾವಿರ ಮತ್ತು 1024ರ ಎಣಿಕೆಯ ವ್ಯತ್ಯಾಸವಷ್ಟೆ ಎಂದು ಇತರರಿಗೆ ವಿವರಿಸುವವರೂ ಅವರೇ, ಆ 69ರ ನಷ್ಟಕ್ಕೆ ಒಳಗೊಳಗೇ ಮರುಗುವವರೂ ಅವರೇ. ಬರೆದು ಬರೆದು ಎಸ್‌ಎಸ್‌ಡಿ ಸವೆಯುತ್ತದೆ ಎಂಬ ಆತಂಕ ಬೇರೆ. 600 ಟಿಬಿ ಬರೆಯಲು ಖಾತರಿಯಿರುವ ಡಿಸ್ಕನ್ನು ಐದು ವರ್ಷದಲ್ಲಿ ಸವೆಸಬೇಕಾದರೆ ದಿನಕ್ಕೆ ಸುಮಾರು 329 ಜಿಬಿ ಬರೆಯಬೇಕು. ಅದು ಅವರ ಎತ್ತಂಗಡಿಯಿಂದ ಮಾತ್ರ ಸಾಧ್ಯ.

ಆದರೂ ಹಾರ್ಡ್ ಡಿಸ್ಕಿನ ಮೂಲೆಗೆ ಹೋಗಿ ನೋಡಿದಾಗ ಸಿಟ್ಟು ಇಳಿಯುತ್ತದೆ. ಅಲ್ಲಿ ಕಾಲೇಜಿನ ಪ್ರಾಜೆಕ್ಟ್ ವರದಿಯ ‘ಫೈನಲ್’, ‘ಫೈನಲ್ 2’, ‘ನಿಜವಾದ ಫೈನಲ್’. ಮುಚ್ಚಿಹೋದ ಸೈಬರ್ ಕೆಫೆಯಿಂದ ತಂದ ಹಾಡುಗಳು. ಈಗಿಲ್ಲದ ಅಜ್ಜಿ ಕ್ಯಾಮರಾ ಕಡೆ ನೋಡದೆ ಬೀನ್ಸ್ ಬಿಡಿಸುತ್ತಿರುವ ಮಸುಕು ವಿಡಿಯೋ. ಎಸ್‌ಎಸ್‌ಡಿಯಿಂದ ಅವರು ನಿರ್ದಯವಾಗಿ ಹೊರಹಾಕುತ್ತಾರೆ, ಖುಷ್ಕಿಯಿಂದ ಒಂದು ಫೈಲನ್ನೂ ಅಳಿಸುವುದಿಲ್ಲ. ಯಾರಿಗಾದರೂ ಹಳೆಯ ಫೋಟೋ ಬೇಕಾದರೆ ಇಡೀ ಬಂಧುಬಳಗ ಅವರಿಗೇ ಫೋನ್ ಮಾಡುತ್ತದೆ, ಅವರು ಹತ್ತು ನಿಮಿಷದಲ್ಲಿ ಹುಡುಕಿ ಕಳಿಸುತ್ತಾರೆ. ಇಲ್ಲಿಯೇ ಅವರ ಶಿಸ್ತು ಕೈಕೊಡುವುದು. ತಿರುಗುವ ತಟ್ಟೆ ಎಂದಾದರೂ ಕೆಡುತ್ತದೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆ ವಿಡಿಯೋದ ಒಂದು ಪ್ರತಿ ಎಸ್‌ಎಸ್‌ಡಿಯಲ್ಲೂ ಇದ್ದರೆ ಎರಡು ಡಿಸ್ಕ್ ಇಟ್ಟುಕೊಂಡದ್ದಕ್ಕೆ ನಿಜವಾದ ಅರ್ಥ ಬರುತ್ತಿತ್ತು, ಅದು ಹಿಡಿಯುವುದು 40 ಎಂಬಿ. ಆದರೆ ಒಂದೇ ಫೈಲು ಎರಡು ಕಡೆ ಇರುವುದು ಶಾನುಭೋಗಿಕೆಯಲ್ಲಿ ಅಕ್ರಮ ಒತ್ತುವರಿ. ಅಂಥ ಜೋಡಿಗಳನ್ನು ಹುಡುಕಿ ಕೊಲ್ಲಲೆಂದೇ ಅವರು ಒಂದು ಸಾಫ್ಟ್‌ವೇರ್ ಇಟ್ಟುಕೊಂಡಿದ್ದಾರೆ, ಅದನ್ನು ತಿಂಗಳಿಗೊಮ್ಮೆ ತಪ್ಪದೆ ಓಡಿಸುತ್ತಾರೆ. ಬ್ಯಾಕಪ್ ಎಂದು ಯಾರಾದರೂ ಬಾಯಿ ತೆಗೆದರೆ, ಅದಕ್ಕೆ ಬೇರೆಯೇ ಒಂದು ನಾಲ್ಕು ಟಿಬಿ ಡಿಸ್ಕ್ ತರುವುದಿದೆ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬೆಲೆ ಇಳಿಯಲಿ ಎಂದು ಕಾಯುತ್ತಿದ್ದೇನೆ ಎನ್ನುತ್ತಾರೆ.