ಭಾವಿಕೇರಿಯ ಚೌಕ ಶಾಸನ: ಒಂದು ಪುನರ್ವಿಮರ್ಶೆ

ಅಂಕೋಲೆ ತಾಲ್ಲೂಕು ಭಾವಿಕೇರಿಯ ಶಾಲೆಯೊಂದರಲ್ಲಿ, ವಿಜ್ಞಾನ ಪಠ್ಯಪುಸ್ತಕದ ಪಾಠದ ನೆತ್ತಿಯ ಮೇಲೆ ಪ್ರಸ್ತುತ ಶಾಸನ ಪತ್ತೆಯಾಗಿದೆ. ಲಿಪಿ ಕಪ್ಪು-ಬಿಳಿ ಚೌಕಗಳದ್ದು. ಹಲ್ಮಿಡಿಯಲ್ಲಿ ಹದಿನಾರು ಸಾಲುಗಳಾದರೂ ಇವೆ, ಇಲ್ಲಿ ಸಾಲೆಂಬುದೇ ಇಲ್ಲ. ಪುಸ್ತಕ ಅಣ್ಣನಿಂದ ತಮ್ಮನಿಗೆ ಬಂದದ್ದು. ಮಳೆಗಾಲದ ಬೂಸ್ಟು ಒಂದು ಅಂಚನ್ನು ತಿಂದಿದೆ, ಅಣ್ಣ ನಟ್ಟನಡುವೆ ಮೀಸೆ ಬರೆದಿದ್ದಾನೆ. ಶೇಕಡಾ 30ರವರೆಗೆ ಹಾಳಾದರೂ ಓದಿಸಿಕೊಳ್ಳುವ ಶಕ್ತಿ ಈ ಲಿಪಿಗೆ ಉಂಟಂತೆ. ಮೀಸೆ ಅದಕ್ಕಿಂತ ದಪ್ಪಗಿದೆ.

ಮೂರು ಮೂಲೆಗಳಲ್ಲಿ ಕಣ್ಣುಗಳಿವೆ, ನಾಲ್ಕನೆಯದರಲ್ಲಿಲ್ಲ. ಅದು ಸವೆದುಹೋಗಿದೆ ಎಂಬುದು ಪೂರ್ವಪಕ್ಷ. ಮುಕ್ಕಣ್ಣನಾದ್ದರಿಂದ ಇದು ಶೈವ ಶಾಸನ ಎಂಬುದು ನಮ್ಮ ಸಿದ್ಧಾಂತ. ಇದು ಕರೆದೊಯ್ಯುವ ಪೋರ್ಟಲ್ಲಿಗೆ ‘ದೀಕ್ಷಾ’ ಎಂಬ ಹೆಸರಿರುವುದು ಬಲವಾದ ಆಧಾರ. ಆ ಪೋರ್ಟಲ್ 2017ರ ಸೆಪ್ಟೆಂಬರ್ 5ರಂದು ತೆರೆದುಕೊಂಡಿತಾಗಿ ಶಾಸನ ಅದಕ್ಕಿಂತ ಈಚಿನದು. ಲಿಪಿ ಮಾತ್ರ ಹಳೆಯದು: 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯವರು ಕಾರಿನ ಬಿಡಿಭಾಗಗಳ ಲೆಕ್ಕಕ್ಕೆಂದು ಹುಟ್ಟಿಸಿದ್ದು. ಮಕ್ಕಳ ಲೆಕ್ಕಕ್ಕೆ ಅದು ಯಾವಾಗ ಬಂತು ಎಂಬುದು ಪ್ರತ್ಯೇಕ ಸಂಶೋಧನೆಯ ವಿಷಯ. ಚೌಕದ ಕೆಳಗಿನ ಆರು ಅಕ್ಷರಗಳನ್ನು ಲಿಪಿಕಾರನ ಅಂಕಿತವೆಂದು ಹಿರಿಯರೊಬ್ಬರು ವಾದಿಸಿದ್ದಾರೆ. ಕ್ಯಾಮೆರಾ ಕೈಕೊಟ್ಟಾಗ ಬೆರಳಲ್ಲಿ ಒತ್ತಲಿಕ್ಕಿರುವ ಸಂಕೇತ ಅದು ಎಂದು ಅವರಿಗೆ ಹೇಳುವ ಧೈರ್ಯ ಯಾರಿಗೂ ಬಂದಿಲ್ಲ.

ವಾಚನವಿಧಿ ಹೀಗೆ. ಅಕ್ಕೋರು ಮೊಬೈಲನ್ನು ಚೌಕದ ಮೇಲೆ ಹಿಡಿಯಬೇಕು, ತುಸು ಹಿಂದೆ ಸರಿಯಬೇಕು, ಕಿಟಕಿಯತ್ತ ತಿರುಗಬೇಕು, ಕೈ ಮೇಲೆತ್ತಬೇಕು. ಅಭಯಮುದ್ರೆಗೆ ಬಹಳ ಸಮೀಪದ ಈ ಭಂಗಿಯಲ್ಲಿ ಪರದೆಯ ಮೇಲೊಂದು ಚಕ್ರ ತಿರುಗುತ್ತದೆ. ತಿರುಗುತ್ತಲೇ ಇರುತ್ತದೆ. ಅಷ್ಟರಲ್ಲಿ ಎರಡನೇ ಬೆಂಚು ಪುಸ್ತಕದ ಇನ್ನೊಂದು ಚೌಕಕ್ಕೂ ಮೀಸೆ ಬರೆದು ಮುಗಿಸಿರುತ್ತದೆ.

ಹಾಗೆಂದು ಅಂತರಜಾಲವನ್ನೇ ಜರಿಯುವ ಪಂಥಕ್ಕೆ ನಾವು ಸೇರಿದವರಲ್ಲ. ಶಿಲಾಶಾಸನ ಓದಲು ಕಲ್ಲಿದ್ದಲ್ಲಿಗೇ ಹೋಗಬೇಕು, ತಾಮ್ರಪಟವನ್ನಾದರೋ ಮನೆಗೆ ಒಯ್ಯಬಹುದು. ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ವೀಮನ್ 2002ರಲ್ಲಿ ಶುರುಮಾಡಿದ ‘ಫೆಟ್’ ಎಂಬ ಪರದೆಯ ಮೇಲಿನ ಪ್ರಯೋಗಗಳು ಈ ಎರಡನೆಯ ವರ್ಗದವು. ನೆಟ್‌ವರ್ಕ್ ಸಿಕ್ಕಲ್ಲಿ ಇಳಿಸಿಕೊಂಡರೆ ಆಮೇಲೆ ಜಾಲದ ಹಂಗಿಲ್ಲ. ಕೆಲವು ಕನ್ನಡದಲ್ಲೂ ಇವೆ. ರೇಖಾಗಣಿತದ ‘ಜಿಯೋಜಿಬ್ರಾ’ವೂ ಹಾಗೆಯೇ. ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ವಿಕಿಯಲ್ಲಿ ಶಾಸನ ಓದುವ ಮಾಸ್ತರರೇ ಉಳಿ ಹಿಡಿದು ಕೆತ್ತಬಹುದು.

ಕ್ಷೇತ್ರಕಾರ್ಯದಲ್ಲಿ ಒಂದು ತೊಡಕು ಕಂಡಿತು. ‘ಫೆಟ್’ನ ಸಾಂದ್ರತೆಯ ಪ್ರಯೋಗದಲ್ಲಿ ಮರದ ತುಂಡು ತೇಲಿದಾಗ ಮಕ್ಕಳು ಬೆರಗಾಗಬೇಕೆಂದು ಪಾಠಯೋಜನೆಯಲ್ಲಿತ್ತು. ದೋಣಿಯ ಮನೆಯಿಂದ ಬಂದ ಹುಡುಗನೊಬ್ಬ, “ಯಾವ ಮರ, ಅಕ್ಕೋರೇ?” ಎಂದ. ಪರದೆಯಲ್ಲಿ ಬರೀ ‘ಮರ’ ಎಂದಿತ್ತು. ಮುಂದಿನ ಅರ್ಧ ತಾಸು ಪಾಠ ಮಾಡಿದವನು ಅವನೇ. ಇದನ್ನು ನಮೂದಿಸುವ ಕಲಮು ಯಾವ ನಮೂನೆಯಲ್ಲೂ ಇಲ್ಲದ ಕಾರಣ ವರದಿಯಲ್ಲಿ ‘ಚಟುವಟಿಕೆ ಅಪೂರ್ಣ’ ಎಂದಾಯಿತು.

ಅಕ್ಕೋರ ಮನೆಯಲ್ಲಿ ವೀರಗಲ್ಲಿನ ಕುರುಹೂ ದೊರೆತಿದೆ. ಕೆಳಪಟ್ಟಿಕೆಯಲ್ಲಿ 2020ರಿಂದ ಆನ್‌ಲೈನಾದ ‘ನಿಷ್ಠಾ’ ಶಿಕ್ಷಕ ತರಬೇತಿಯ ವಿಡಿಯೊ ಓಡುತ್ತಿದೆ, ಪಕ್ಕದಲ್ಲೇ ಒಲೆಯ ಮೇಲೆ ಮೀನುಸಾರು ಕುದಿಯುತ್ತಿದೆ. ನಡುಪಟ್ಟಿಕೆಯಲ್ಲಿ ರಸಪ್ರಶ್ನೆ. ಮೇಲುಪಟ್ಟಿಕೆಯಲ್ಲಿ ಪ್ರಮಾಣಪತ್ರ, ಇಕ್ಕೆಲಗಳಲ್ಲಿ ಸೂರ್ಯಚಂದ್ರರು.

ದಾನಶಾಸನದ ಕೊನೆಗೆ ಶಾಪಾಶಯವಿರುವುದು ವಾಡಿಕೆ. ಚೌಕದಲ್ಲಿ ಅದಿಲ್ಲ. ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಬಿಡಿಯಾಗಿ ಸಿಕ್ಕಿದೆ: “ಇಂದು ಸಂಜೆ ಐದರೊಳಗೆ ಫೋಟೊ ಸಹಿತ ಅಪ್‌ಲೋಡ್ ಮಾಡದವರು...” ಚಾರ್ಜು ಮುಗಿದುದರಿಂದ ಮುಂದಿನ ಭಾಗ ತ್ರುಟಿತ.