ಆ ಕಂದು ಬಣ್ಣವನ್ನು ಕೆರೆಯುವ ಮುನ್ನ

ಹಳೆಯ ರಿಮೋಟ್ ಕಂಟ್ರೋಲ್ ಲಾರಿಗಳನ್ನು ಬಿಚ್ಚಿ, ತೊಳೆದು, ಹೊಸ ಬಣ್ಣ ಹೊಡೆದು ಮತ್ತೆ ಓಡಿಸುವ ಎಲ್ಲ ಗೆಳೆಯರಿಗೆ:

ಹೋದ ವರ್ಷ ಆಷಾಢದ ಒಂದು ಭಾನುವಾರ ನಮ್ಮ ಹಿತ್ತಲಲ್ಲಿ ಕೂತು ನಾನೊಂದು ತಪ್ಪು ಮಾಡಿದೆ. ಅದನ್ನು ನೀವು ಮಾಡಬಾರದು ಎಂಬುದು ಈ ಪತ್ರಕ್ಕೆ ಮೊದಲ ಕಾರಣ. ಎರಡನೆಯದೂ ಒಂದಿದೆ, ಅದನ್ನು ಕೊನೆಗೆ ಹೇಳುತ್ತೇನೆ.

ಲಾರಿ ಯಾವುದೆಂದರೆ ತಮಿಯಾ ಕಂಪನಿಯ ಬ್ಲ್ಯಾಕ್‌ಫುಟ್. ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತಿರುವ ಹೆಸರೇ. 1986ರಲ್ಲಿ ಜಪಾನಿನ ಶಿಝುಓಕಾದಿಂದ ಹೊರಟದ್ದು, ಅಸಲಿ ವಾಹನದ ಹತ್ತನೇ ಒಂದು ಅಳತೆಯದು. ಅಮೆರಿಕದ ಮಿಸೌರಿಯಲ್ಲಿ ಬಾಬ್ ಚಾಂಡ್ಲರ್ ಎನ್ನುವವರು ತಮ್ಮ 1974ರ ಫೋರ್ಡ್ ಪಿಕಪ್ಪಿಗೆ ದೊಡ್ಡ ದೊಡ್ಡ ಚಕ್ರ ಹಾಕಿ 'ಬಿಗ್‌ಫುಟ್' ಎಂದು ಕರೆದ ಮೇಲೆ ಅಲ್ಲಿ ದೈತ್ಯ ಚಕ್ರದ ಲಾರಿಗಳ ಹುಚ್ಚು ಹಬ್ಬಿತಲ್ಲ, ಆ ಕಾಲದ ಆಟಿಕೆ ಇದು. ಗಟ್ಟಿ ಪ್ಲಾಸ್ಟಿಕ್ಕಿನ ಫೋರ್ಡ್ ಪಿಕಪ್ ಮೈ, ಹಿಂದಿನ ಚಕ್ರಕ್ಕೆ ಮಾತ್ರ ಎಳೆತ, ಒಂದು 540 ಮೋಟರು. ಅಪ್ಪನ ಗೆಳೆಯರೊಬ್ಬರು 1988ರಲ್ಲಿ ದುಬೈಯಿಂದ ತಂದುಕೊಟ್ಟರು. ದಾವಣಗೆರೆಯ ನಮ್ಮ ಓಣಿಯಲ್ಲಿ ಅಂಥದ್ದನ್ನು ಅದಕ್ಕೆ ಮುಂಚೆ ಯಾರೂ ಕಂಡಿರಲಿಲ್ಲ. ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಬಂದದ್ದನ್ನು ಅಪ್ಪ, ನಾನು ಮತ್ತು ಮಾಮ ಸೇರಿ ಮೂರು ರಾತ್ರಿ ಕೂತು ಜೋಡಿಸಿದೆವು. ಬಣ್ಣ ಮಾತ್ರ ಪೆಟ್ಟಿಗೆಯಲ್ಲಿ ಇರಲಿಲ್ಲ. ಬಣ್ಣವನ್ನು ಬೇರೆಯಾಗಿಯೇ ಕೊಳ್ಳಬೇಕಿತ್ತು, ಅದು ಆಗ ನಮ್ಮೂರಲ್ಲಿ ಸಿಗುತ್ತಿರಲಿಲ್ಲ.

ಸಿಗದಿದ್ದರೇನು, ಮಾಮ ಇದ್ದರು. ಅವ್ವನ ತಮ್ಮ. ಪಿ.ಬಿ. ರಸ್ತೆಯ ಬದಿಯ ಒಂದು ತಗಡಿನ ಶೆಡ್ಡಿನಲ್ಲಿ ಲಾರಿಗಳಿಗೆ ಬಣ್ಣ ಹಚ್ಚಿ ಹೆಸರು ಬರೆಯುವುದು ಅವರ ಕೆಲಸ. ಪುಣೆ-ಬೆಂಗಳೂರು ಹೆದ್ದಾರಿ ಆಗ ಊರೊಳಗೇ ಹಾಯುತ್ತಿತ್ತು, ಲಾರಿಗಳಿಗೆ ಬರವಿರಲಿಲ್ಲ. ಮಾಮ ಆಟಿಕೆಯನ್ನು ಅಂಗೈಮೇಲೆ ಇಟ್ಟುಕೊಂಡು ಎಲ್ಲ ಕಡೆ ತಿರುಗಿಸಿ ನೋಡಿದರು. ಬಾನೆಟ್ಟಿನ ಒಳಮೈಗೆ ಥಿನ್ನರಿನ ಒಂದು ಹನಿ ಬಿಟ್ಟರು. ಪ್ಲಾಸ್ಟಿಕ್ ಸುಕ್ಕಿತು. "ಇದು ಆಗಲ್ಲ, ಕರಗುತ್ತೆ. ಎನಾಮಲ್ಲೇ ಸರಿ, ಟರ್ಪೆಂಟೈನ್ ಹಾಕಿ ತೆಳ್ಳಗೆ ಹಚ್ಚೋಣ" ಅಂದರು. ಯಾವ ಬಣ್ಣ ಎಂದು ಕೇಳಿದೆ. "ಲಾರಿ ಅಂದ್ಮೇಲೆ ರಾಜ್ಯ ದಾಟಿ ಹೋಗ್ಬೇಕಲ್ಲೋ" ಅಂತ ಹೇಳಿ ನ್ಯಾಷನಲ್ ಪರ್ಮಿಟ್ ಲಾರಿಗಳ ಕಂದು ಬಣ್ಣವನ್ನೇ ಕಲಸಿದರು. ಆಗಿನ ನಿಯಮದ ಪುಸ್ತಕದಲ್ಲಿ ಅದಕ್ಕೆ 'ಒಣಗಿದ ಎಲೆಯ ಕಂದು' ಎಂದು ಹೆಸರಿತ್ತು, ಸುತ್ತ ಬಿಳಿ ಅಂಚು. ಆ ಅಂಚನ್ನು ಮಾಮ ಆಟಿಕೆಯ ಅಳತೆಗೆ ಇಳಿಸಿ, ಅಳಿಲ ಕೂದಲಿನ ಕುಂಚದಲ್ಲಿ ಒಂದೇ ಉಸಿರಿಗೆ ಎಳೆದದ್ದನ್ನು ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಹಣೆಯ ಮೇಲೆ 'ಶ್ರೀ ಆಂಜನೇಯ ಪ್ರಸನ್ನ'. ಬಾನೆಟ್ಟಿನ ಮೇಲೆ ಎರಡು ಕಮಲ. ಎಡಬಾಗಿಲ ಮೇಲೆ ಹಸಿರು ಗಿಣಿ. ಹಿಂದಿನ ಹಲಗೆಯ ಮೇಲೆ ಬಹಳ ಲಾರಿಗಳಲ್ಲಿ 'ತಾಯಿಯ ಆಶೀರ್ವಾದ' ಇರುತ್ತದಲ್ಲ, ಅಲ್ಲಿ ಮಾಮ 'ಅಕ್ಕನ ಆಶೀರ್ವಾದ' ಎಂದು ಬರೆದರು. ಅವ್ವ ಅದನ್ನು ಓದಿ ಏನೂ ಮಾತಾಡದೆ ಒಳಗೆ ಹೋಗಿ ಕಾಫಿ ತಂದುಕೊಟ್ಟಳು.

ಆಮೇಲೆ ಲಾರಿ ದೊಡ್ಡಪ್ಪನ ಮನೆಗೆ ಹೋಯಿತು. ತೊಂಬತ್ತರ ದಶಕದ ಕೊನೆಯಲ್ಲಿ ಅವರ ಮಗ, ನನ್ನ ಅಣ್ಣ, ಅದಕ್ಕೆ ಡಬ್ಬಿ ಸ್ಪ್ರೇಯಿಂದ ಕೆಂಪು ಬಣ್ಣ ಹೊಡೆದ. ಹೋದ ವರ್ಷ ನನಗೆ ಮರಳಿ ಕೊಡುವಾಗ, "ಹಳೇದೆಲ್ಲಾ ಉಜ್ಜಿ ತೆಗೆದೇ ಹೊಡೆದಿದ್ದೆ" ಎಂದ. ನಾನು ನಂಬಿದೆ. ಬಾಡಿಯನ್ನು ಚಾಸಿಗೆ ಸಿಕ್ಕಿಸುವ ತೂತಿನ ಸುತ್ತ ಕೆಂಪು ಚಕ್ಕೆ ಎದ್ದು ಕಂದು ಉಂಗುರವೊಂದು ಕಾಣುತ್ತಿತ್ತು. ಕೊಳೆ ಎಂದುಕೊಂಡೆ. ಟ್ರೇಗೆ ಬ್ರೇಕ್ ಆಯಿಲ್ ಸುರಿದೆ. ಟ್ರೇ ಸಣ್ಣದಾದ್ದರಿಂದ ಲಾರಿಯ ಮುಂಭಾಗವನ್ನು ಮಾತ್ರ ಮುಖ ಕೆಳಗಾಗಿ ಮುಳುಗಿಸಿಟ್ಟು, ಆರು ಗಂಟೆ ಬಿಟ್ಟು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಕೆಂಪು ಕೆಸರಿನಂತೆ ಕಳಚಿ ಬಂತು. ಕೈ ನಿಲ್ಲಿಸದೆ ತಿಕ್ಕುತ್ತಲೇ ಇದ್ದೆ. ಆಮೇಲೆ ಕಂದು ಬಂತು. ಬ್ರಷ್ಷಿನ ಕೂದಲಲ್ಲಿ ಹಳದಿಯ ಒಂದು ಎಳೆ ಸಿಕ್ಕಿಕೊಂಡದ್ದನ್ನು ಕಂಡಾಗಷ್ಟೇ ನನಗೆ ಅರಿವಾದದ್ದು. ಅದು 'ಶ್ರೀ' ಅಕ್ಷರದ ಹಳದಿ. ಅಷ್ಟರಲ್ಲಿ ಹಣೆಬರಹ ಪೂರ್ತಿ ಹೋಗಿತ್ತು. ಕಮಲಗಳೂ ಹೋಗಿದ್ದವು. ಮಾಮ ತೀರಿಕೊಂಡು ಹನ್ನೊಂದು ವರ್ಷ.

ಅಣ್ಣನನ್ನು ನಾನು ದೂರುವುದಿಲ್ಲ. ಅವನಿಗೆ ಆಗ ಹದಿನಾರು, ಕೆಂಪು ಲಾರಿ ಬೇಕಿತ್ತು, ಹೊಡೆದ. ಅವನ ಕೆಂಪು ಮಾಮನ ಕೆಲಸವನ್ನು ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ಬಿಸಿಲು ದೂಳಿನಿಂದ ಕಾಪಾಡಿತ್ತು. ಅಳಿಸಿದವನು ನಾನು, ದುರಸ್ತಿ ಎಂಬ ಹೆಸರಿನಲ್ಲಿ.

ಉಳಿದದ್ದನ್ನು ಹೇಗೆ ಉಳಿಸಿದೆ ಎಂಬುದನ್ನು ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇದು ನಿಮಗೆ ಉಪಯೋಗಕ್ಕೆ ಬರುವ ಭಾಗ. ಬ್ರೇಕ್ ಆಯಿಲ್ ಯಾವ ಪದರವನ್ನೂ ಬೇರೆ ಬೇರೆಯಾಗಿ ನೋಡುವುದಿಲ್ಲ, ಸಿಕ್ಕಿದ್ದನ್ನೆಲ್ಲ ಸಡಿಲಿಸುತ್ತದೆ. ಆದರೆ ಡಬ್ಬಿ ಸ್ಪ್ರೇಯ ಬಣ್ಣ ಐಸೊಪ್ರೊಪೈಲ್ ಆಲ್ಕೋಹಾಲಿಗೆ ಬೇಗ ಮೆತ್ತಗಾದರೆ, ಹತ್ತಾರು ವರ್ಷ ಒಣಗಿ ಗಟ್ಟಿಯಾದ ಎಣ್ಣೆ ಎನಾಮಲ್ ಅದಕ್ಕೆ ಅಷ್ಟು ಸುಲಭವಾಗಿ ಜಗ್ಗುವುದಿಲ್ಲ. ಈ ಸಣ್ಣ ವ್ಯತ್ಯಾಸವೇ ನಮಗಿರುವ ಆಸರೆ. ಮೊದಲು ಚಕ್ರದ ಕಮಾನಿನ ಒಳಗೆ, ಯಾರಿಗೂ ಕಾಣದ ಜಾಗದಲ್ಲಿ ಒಂದು ಚುಕ್ಕೆಯಷ್ಟು ಪರೀಕ್ಷೆ ಮಾಡಿದೆ. ಆಮೇಲೆ ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಅದ್ದಿ, ಹಿಂಡಿ, ಹೆಬ್ಬೆರಳುಗುರಿನಷ್ಟು ಜಾಗವನ್ನು ಮಾತ್ರ ಉರುಳಿಸುತ್ತಾ ಒರೆಸಿದೆ. ಉಜ್ಜಬಾರದು, ಉರುಳಿಸಬೇಕು. ಕಡ್ಡಿಗೆ ಕೆಂಪಿನ ಜೊತೆ ಚೂರು ಕಂದು ಕಂಡರೂ ಅಲ್ಲಿಗೆ ಬಿಟ್ಟು, ಒಣಗಲು ಒಂದು ದಿನ ಕೊಟ್ಟು ಮುಂದಿನ ಜಾಗಕ್ಕೆ ಹೋಗಬೇಕು. ಎಡಬಾಗಿಲ ಗಿಣಿ ಹೊರಬರಲು ಒಂಬತ್ತು ಸಂಜೆ ಹಿಡಿಯಿತು. ಅದರ ಕೊಕ್ಕು ಕೆಂಪಾಗಿಯೇ ಇತ್ತು, ಮಾಮನ ಕೆಂಪು ಎಲ್ಲಿ ಮುಗಿಯಿತು ಅಣ್ಣನ ಕೆಂಪು ಎಲ್ಲಿ ಶುರುವಾಯಿತು ಎಂದು ಭೂತಗನ್ನಡಿಯಲ್ಲಿ ನೋಡಿದರೂ ಗೊತ್ತಾಗದೆ ಆ ಕೊಕ್ಕನ್ನು ಹಾಗೆಯೇ ಬಿಟ್ಟಿದ್ದೇನೆ. ಹಿಂದಿನ ಹಲಗೆಗೆ ಮೂರು ವಾರ. 'ಅಕ್ಕನ' ಎಂಬಲ್ಲಿ 'ಕ್ಕ'ದ ಒತ್ತಕ್ಷರ ಅರ್ಧ ಹೋಗಿದೆ. ಉಳಿದೆಲ್ಲ ಇದೆ.

ಯಂತ್ರದ ಭಾಗದಲ್ಲಿ ಅಂಥ ಸಂಕಟ ಇರಲಿಲ್ಲ. ಜಪಾನಿನ ಪ್ಲಸ್ ಸ್ಕ್ರೂಗಳಿಗೆ ಅವರದೇ ಅಳತೆಯ ಸ್ಕ್ರೂಡ್ರೈವರ್ ಬೇಕು, ಇಲ್ಲಿನ ಮಾಮೂಲಿ ಫಿಲಿಪ್ಸ್ ಹಾಕಿದರೆ ತಲೆ ಸವೆದು ಹೋಗುತ್ತದೆ. ರಿಮೋಟಿನೊಳಗೆ ಬ್ಯಾಟರಿ ಸೋರಿ ಹಸಿರು-ಬಿಳಿ ಪುಡಿ ಕಟ್ಟಿತ್ತು. ಅದು ಕ್ಷಾರ, ಆದ್ದರಿಂದ ಅಡುಗೆ ಸೋಡಾ ಬೇಡ, ವಿನೆಗರ್ ಅದ್ದಿದ ಹತ್ತಿಯಿಂದ ಒರೆಸಿ ನೀರಿನಿಂದ ಒರೆಸಿ ಒಣಗಿಸಿದರೆ ತಂತಿ ಬದುಕುತ್ತದೆ. ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಆರುಮೂಲೆಯ ದಂಡಗಳು ತಿರುಗಿ ತಿರುಗಿ ಗುಂಡಗಾಗಿದ್ದವು, ಬದಲಿಸಿದೆ. ಗಾಲಿಗಳ ರಬ್ಬರು ಬದಲಿಸಲಿಲ್ಲ. 27 ಮೆಗಾಹರ್ಟ್ಸಿನ ಹಳೆಯ ರಿಮೋಟನ್ನು ಕಪಾಟಿನಲ್ಲಿಟ್ಟು, ಓಡಿಸಲು 2.4 ಗಿಗಾಹರ್ಟ್ಸಿನ ಹೊಸದನ್ನು ಸೇರಿಸಿದೆ. ಇಂಥ ಬದಲಾವಣೆಯನ್ನು ನಾನು ತಪ್ಪೆನ್ನುವುದಿಲ್ಲ. ದಂಡ ಕಾರ್ಖಾನೆಯಿಂದ ಸಾವಿರಗಟ್ಟಲೆ ಬಂದದ್ದು, ಇನ್ನೊಂದು ಹಾಕಬಹುದು.

ಮೈಯ ಬಣ್ಣದ ವಿಷಯ ಬೇರೆ, ಮತ್ತು ಇಲ್ಲಿಯೇ ನಿಮ್ಮೊಡನೆ ನನ್ನ ತಕರಾರು. ನಮ್ಮ ಹವ್ಯಾಸದಲ್ಲಿ ಎಲ್ಲರೂ ಒಪ್ಪಿಕೊಂಡ ಒಂದು ಅಳತೆಗೋಲಿದೆ: ದುರಸ್ತಿಯಾದ ವಾಹನ ಪೆಟ್ಟಿಗೆಯ ಮೇಲಿನ ಚಿತ್ರದಂತೆ ಕಾಣಬೇಕು. ಅದೇ ಛಾಯೆ, ಅದೇ ಪಟ್ಟೆ, ಅದೇ ಸ್ಟಿಕ್ಕರು ಅದೇ ಕೋನದಲ್ಲಿ. ನನ್ನ ಲಾರಿಯ ಫೋಟೋ ನೋಡಿದ ಅನುಭವಿಯೊಬ್ಬರು, "ಇಷ್ಟು ಒಳ್ಳೆಯ ಬಾಡಿ, ಆ ಪೇಂಟೆಲ್ಲ ತೆಗೆದುಬಿಡಿ, ಮೂಲಕ್ಕೆ ತನ್ನಿ" ಎಂದು ಪ್ರೀತಿಯಿಂದಲೇ ಸಲಹೆ ಕೊಟ್ಟರು. ಆ ಮಾತನ್ನು ನಾನು ಬಹಳ ದಿನ ಯೋಚಿಸಿದೆ. ತಮಿಯಾ ಪೆಟ್ಟಿಗೆಗಳ ಗುರುತೇ ಅವುಗಳ ಬಿಳಿ ಹಿನ್ನೆಲೆ. ವಾಹನ ಒಂದೇ ನಿಂತಿರುತ್ತದೆ, ಅಥವಾ ಹಾರುತ್ತಿರುತ್ತದೆ. ಸುತ್ತ ಊರಿಲ್ಲ, ಅದನ್ನು ಹಿಡಿದ ಕೈಯಿಲ್ಲ. ಕಲೆಗಾರರು ಅದನ್ನು ಬಹಳ ಚೆನ್ನಾಗಿ ಬರೆದಿದ್ದಾರೆ, ಆ ಚಿತ್ರಗಳನ್ನು ನಾನೂ ಪ್ರೀತಿಸುತ್ತೇನೆ. ಆದರೆ ಅದು ಲಾರಿ ಹುಟ್ಟುವ ಮೊದಲಿನ ಚಿತ್ರ. ಬಣ್ಣವಿಲ್ಲದೆ ಬಂದ ಕಿಟ್ಟಿಗೆ ಮೊದಲು ಹಚ್ಚಿದ ಬಣ್ಣವೇ ಅದರ ಮೂಲ ಬಣ್ಣ. ನನ್ನ ಲಾರಿಯ ಮಟ್ಟಿಗೆ ಮೂಲ ಎಂದರೆ ಒಣಗಿದ ಎಲೆಯ ಕಂದೇ.

ಇನ್ನೊಂದು ಮಾತು ಇದೆ, ನನ್ನ ಪ್ರಕಾರ ಅದಕ್ಕೆ ಉತ್ತರವಿಲ್ಲ. 2016ರಲ್ಲಿ ತಮಿಯಾ ಬ್ಲ್ಯಾಕ್‌ಫುಟ್ಟನ್ನು ಮತ್ತೆ ಹೊರತಂದಿತು. ಪೆಟ್ಟಿಗೆಯ ಚಿತ್ರದಂಥ ಲಾರಿ ಬೇಕಾದವರು ಆ ಹೊಸ ಕಿಟ್ ತಂದು ಹಾಗೆಯೇ ಬಣ್ಣ ಹೊಡೆದು ಇಟ್ಟುಕೊಳ್ಳಬಹುದು, ಅದರಲ್ಲಿ ಯಾರಿಗೂ ನಷ್ಟವಿಲ್ಲ. ಮಾಮನ ಗಿಣಿಯನ್ನು ಯಾವ ಕಂಪನಿಯೂ ಮತ್ತೆ ಹೊರತರುವುದಿಲ್ಲ. ಅವರು ಹೆಸರು ಬರೆದ ದೊಡ್ಡ ಲಾರಿಗಳೆಲ್ಲ ಗುಜರಿಗೆ ಹೋಗಿವೆ. ಕಂಪ್ಯೂಟರಿನಲ್ಲಿ ಕತ್ತರಿಸಿದ ಸ್ಟಿಕ್ಕರ್ ಬಂದ ಮೇಲೆ ಶೆಡ್ಡಿನ ಕೆಲಸವೂ ನಿಂತಿತು, ಕೊನೆಯ ವರ್ಷಗಳಲ್ಲಿ ಮಾಮ ಮನೆಗಳಿಗೆ ಸುಣ್ಣ-ಡಿಸ್ಟೆಂಪರ್ ಬಳಿಯಲು ಹೋಗುತ್ತಿದ್ದರು. ಕುಂಚ ಹಿಡಿದು ಮೂವತ್ತು ವರ್ಷ ಮಾಡಿದ ಕೆಲಸದಲ್ಲಿ ನನಗೆ ಗೊತ್ತಿರುವಂತೆ ಉಳಿದಿರುವುದು ಈ ಆಟಿಕೆಯ ಒಂದು ಬಾಗಿಲು, ಒಂದು ಹಲಗೆ, ಎರಡು ಬದಿಯ ಬಿಳಿ ಅಂಚು.

ಹಾಗೆಂದು ಯಾರೂ ಹೊಸ ಬಣ್ಣ ಹೊಡೆಯಲೇಬಾರದು ಎಂದು ನಾನು ಹೇಳುತ್ತಿಲ್ಲ. ನಾನೂ ಹೊಡೆದಿದ್ದೇನೆ. ಬೆತ್ತಲೆಯಾದ ಮುಂಭಾಗವನ್ನು ಹಾಗೇ ಬಿಡಲು ಮನಸ್ಸಾಗಲಿಲ್ಲ. 800ರ ವಾಟರ್ ಪೇಪರಿನಲ್ಲಿ ನೀರು ಹಾಕಿ ಮೆಲ್ಲಗೆ ಉಜ್ಜಿ, ಬೂದು ಪ್ರೈಮರ್ ತೆಳುವಾಗಿ ಎರಡು ಸಲ ಹೊಡೆದು, ಶ್ರಾವಣ ಕಳೆಯಲು ಕಾದೆ. ತೇವದ ಗಾಳಿಯಲ್ಲಿ ಸ್ಪ್ರೇ ಮಾಡಿದರೆ ಲ್ಯಾಕರ್ ಬೆಳ್ಳಗೆ ಮಂಜುಗಟ್ಟುತ್ತದೆ, ಅವಸರ ಮಾಡಿ ಬಣ್ಣ ಕೆಡಿಸಿಕೊಂಡವರು ನಿಮ್ಮಲ್ಲೂ ಇರಬಹುದು. ಕಂದು ಬಣ್ಣವನ್ನು ಮಾಮನ ಬಾಗಿಲಿಗೆ ಹಿಡಿದು ಹಿಡಿದು ಕಲಸಿದೆ. ಬೇಕೆಂದೇ ಅದಕ್ಕಿಂತ ಒಂದು ಛಾಯೆ ತಿಳಿಯಾಗಿ ಇಟ್ಟೆ, ಮುಂದೆ ನೋಡುವವರಿಗೆ ಯಾರದು ಎಷ್ಟು ಎಂದು ಗೊತ್ತಾಗಲಿ ಎಂದು. ಬಾನೆಟ್ಟಿನ ಒಳಗೆ, ಥಿನ್ನರ್ ಹನಿಯ ಆ ಸುಕ್ಕಿನ ಪಕ್ಕದಲ್ಲಿ, ನಾನು ಏನು ತೆಗೆದೆ, ಏನು ಹಚ್ಚಿದೆ, ಯಾವ ತಿಂಗಳು ಎಂದು ಸಣ್ಣ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ. ನಿಮ್ಮನ್ನು ಕೇಳುವುದೂ ಇಷ್ಟೇ. ಟ್ರೇಗೆ ಇಳಿಸುವ ಮೊದಲು ತೂತುಗಳ ಅಂಚು ನೋಡಿ, ಪದರಗಳನ್ನು ಎಣಿಸಿ, ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಮಾರಿದವರನ್ನು ಯಾರು ಹಚ್ಚಿದ ಬಣ್ಣ ಎಂದು ಕೇಳಿ. ತೆಗೆಯಲೇಬೇಕಾದರೆ ಅಂಗೈಯಗಲ ಜಾಗವನ್ನಾದರೂ ಮುಟ್ಟದೆ ಬಿಡಿ.

ಈಗ ಎರಡನೆಯ ಕಾರಣ. ಹಣೆಯ ಪಟ್ಟಿ ಖಾಲಿ ಇದೆ. ಮಾಮನ ಜೊತೆ ಅದೇ ಶೆಡ್ಡಿನಲ್ಲಿದ್ದ, ಈಗ ವಯಸ್ಸಾದ ಒಬ್ಬ ಪೇಂಟರ್ ಬಳಿ ಲಾರಿ ಒಯ್ದು 'ಶ್ರೀ ಆಂಜನೇಯ ಪ್ರಸನ್ನ' ಬರೆದುಕೊಡಿ ಎಂದೆ. ಅವರು ಹಲಗೆಯ ಅಕ್ಷರಗಳ ಮೇಲೆ ಬೆರಳಾಡಿಸಿದರು. "ಬರೀಬೋದು. ಆದ್ರೆ ನಿಮ್ಮ ಮಾಮನ 'ಶ್ರೀ' ಬ್ಯಾರೆ ಇತ್ತು, ಬಾಲ ಎಳೆದು ಮಾವಿನಕಾಯಿ ಹಂಗ ಸುತ್ತತಿದ್ದ. ನಂಗ ಅದು ಸರಿಯಾಗಿ ನೆನಪಿಲ್ಲ. ಒಂದು ಫೋಟೋ ಸಿಕ್ರ ತಗೊಂಡು ಬಾ" ಎಂದು ಕಳಿಸಿದರು. ನಮ್ಮ ಮನೆಯಲ್ಲಿ ಅಂಥ ಫೋಟೋ ಇಲ್ಲ. ಆದರೆ ಆ ಕಾಲದಲ್ಲಿ ಹೊಸ ಲಾರಿ ತಂದವರು ಪೂಜೆ ಮಾಡಿಸಿ, ಹಾರ ಹಾಕಿ, ಮನೆಮಂದಿಯೆಲ್ಲ ಅದರ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳುತ್ತಿದ್ದರು. 1980ರಿಂದ 1995ರ ನಡುವೆ ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಬಣ್ಣ ಮಾಡಿಸಿದ ಲಾರಿಯ ಅಂಥ ಫೋಟೋ ನಿಮ್ಮ ಮನೆಯ ಆಲ್ಬಮ್ಮಿನಲ್ಲಿದ್ದರೆ, ದಯವಿಟ್ಟು ಹಾರದ ಮೇಲ್ಗಡೆ, ಹಣೆಯ ಪಟ್ಟಿಯನ್ನು ನೋಡಿ. 'ಶ್ರೀ'ಯ ಬಾಲ ಮಾವಿನಕಾಯಿಯಂತೆ ಸುತ್ತಿದ್ದರೆ ಅದು ನಮ್ಮ ಮಾಮನ ಕೈ. ಈ ಪತ್ರಿಕೆಯ ವಿಳಾಸಕ್ಕೆ ಒಂದು ಪ್ರತಿ ಕಳಿಸಿಕೊಡಿ. ಪೇಂಟರ್ ಅವರ ಕಣ್ಣು ಇನ್ನೂ ಚೆನ್ನಾಗಿದೆ, ಕುಂಚವನ್ನು ಎಣ್ಣೆ ಹಚ್ಚಿ ಇಟ್ಟಿದ್ದೇನೆ ಎಂದಿದ್ದಾರೆ.

ಇತಿ,
ದಾವಣಗೆರೆಯಿಂದ, ಆ ಅಕ್ಕನ ಮಗ